ಸರಳ ಲೋಲಕ

ನನಗೊಂದು ಅಡ್ಡಹೆಸರಿತ್ತು ಎಂಬುದು ಗೊತ್ತಾದದ್ದು ನಿವೃತ್ತಿಯಾದ ಮೇಲೆ. ತಿಪಟೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಈಚೆಗೆ ಊರೂರಲ್ಲೂ ಹಳೇ ವಿದ್ಯಾರ್ಥಿಗಳಿಗೆ ಗುರುವಂದನೆಯ ಹುಮ್ಮಸ್ಸು ಬಂದಿದೆಯಲ್ಲ, ನಮ್ಮ ಶಾಲೆಯ ಒಂದು ಬ್ಯಾಚೂ ಕಲ್ಯಾಣಮಂಟಪ ಹಿಡಿದು, ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೊನೆಗೆ ‘ಅನಿಸಿಕೆ’ಗೆ ಬಂತು. ಆಗ ಕೊನೇ ಬೆಂಚಿನಲ್ಲಿದ್ದು ಈಗ ಕೊಬ್ಬರಿ ಮಂಡಿಯ ಸಾಹುಕಾರನಾಗಿರುವ ಒಬ್ಬ ಮೈಕ್ ಹಿಡಿದ. “ನಮ್ಮ ಮೇಡಂ ಬೋರ್ಡ್ ಮೇಲೆ ಬರೆಯೋವಾಗ ನಾವು ಹಿಂದಿನ ಬೆಂಚಿನೋರು ಒಂದು ಪ್ರಯೋಗ ನೋಡ್ತಿದ್ವಿ. ಮೇಡಂ ಬರೀತಾ ಹೋದ್ರೆ ತೋಳಿನ ಕೆಳಗಡೆ ಅದೂ ತೂಗ್ತಾ ಹೋಗೋದು. ಅದಕ್ಕೇ ‘ಸರಳ ಲೋಲಕ’ ಅಂತ ಹೆಸರಿಟ್ಟಿದ್ವಿ. ತಪ್ಪಾಯ್ತು ಮೇಡಂ, ಹೊಟ್ಟೇಗೆ ಹಾಕ್ಕೋಬೇಕು” ಅಂತ ಅಲ್ಲಿಂದಲೇ ಕೈಮುಗಿದ.

ಸಭೆ ಹೋ ಎಂದು ನಕ್ಕಿತು. ನಾನೂ ನಕ್ಕೆ. ಶಾಲು ಹೊದ್ದು ವೇದಿಕೆಯ ಮೇಲೆ ಕೂತವರಿಗೆ ನಗದೆ ಬೇರೆ ದಾರಿಯಿಲ್ಲ. ಆ ಶಾಲನ್ನು ಮಾತ್ರ ಯಾರಿಗೂ ಕಾಣದ ಹಾಗೆ ಮೊಣಕೈವರೆಗೆ ಎಳೆದುಕೊಂಡೆ. ಒಳಗೊಳಗೇ ಒಂದು ಸಮಾಧಾನವೂ ಆಯಿತೆನ್ನಿ. ನೂರಕ್ಕೆ ಮೂವತ್ತೈದು ತೆಗೆಯಲು ತಿಣುಕಾಡಿದ ಹುಡುಗ ಇಷ್ಟು ವರ್ಷದ ಮೇಲೂ ಒಂದು ಪಾರಿಭಾಷಿಕ ಪದವನ್ನು ಸರಿಯಾದ ಜಾಗದಲ್ಲಿ ಬಳಸಿದ್ದ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಬಲಗೈ ಎತ್ತಿ ಗಾಳಿಯಲ್ಲಿ ‘ಓಮ್‌ನ ನಿಯಮ’ ಎಂದು ಬರೆದೆ. ಹುಡುಗ ಸುಳ್ಳು ಹೇಳಿರಲಿಲ್ಲ. ಕೈ ನಿಂತ ಮೇಲೂ ರಟ್ಟೆಯ ಕೆಳಗಿನದು ನಿಲ್ಲಲಿಲ್ಲ. ಪೂರ್ಣವಿರಾಮ ಹಾಕಿ ಸೀಮೆಸುಣ್ಣ ಕೆಳಗಿಟ್ಟರೂ ಅದು ಇನ್ನೂ ಮೂರು ಸಲ ಓಲಾಡಿ ಆಮೇಲೆ ಸುಮ್ಮನಾಯಿತು.

ತೋಳಿನ ಈ ಭಾಗಕ್ಕೆ ನಮ್ಮ ಕಡೆ ‘ಜೋಲು’ ಅನ್ನುತ್ತಾರೆ. ನಮ್ಮಜ್ಜಿಗೆ ಅದು ಧಾರಾಳವಾಗಿತ್ತು. ಮಧ್ಯಾಹ್ನ ಅಜ್ಜಿ ಮಲಗಿದಾಗ ನಾವು ಮೊಮ್ಮಕ್ಕಳು ಅದನ್ನು ಬೆರಳಲ್ಲಿ ತಟ್ಟಿ ತೂಗಿ ಆಡುತ್ತಿದ್ದೆವು. ಹತ್ತಿಯ ಹಾಗೆ ಮೆತ್ತಗೆ, ಮಣ್ಣಿನ ಕೊಡದ ಹಾಗೆ ತಂಪು. ಅಜ್ಜಿಯ ಕಿವಿಯೂ ಜೋಲು. ವಾಲೆಯ ಭಾರಕ್ಕೆ ತೂತು ಹಿಗ್ಗಿ ಕಿರುಬೆರಳು ತೂರುವಷ್ಟಾಗಿತ್ತು. ಅದನ್ನು ಯಾರೂ ಕುಂದು ಎಂದವರಿಲ್ಲ. ಭಾರವಾದ ವಾಲೆ ಇಟ್ಟವಳು ಎಂಬ ಹೆಗ್ಗಳಿಕೆ ಅದರಲ್ಲಿತ್ತು. ಜೋಲು ಕಿವಿಗೆ ಮರ್ಯಾದೆ, ಜೋಲು ತೋಳಿಗೆ ಅಡ್ಡಹೆಸರು. ದೇಹದೊಳಗೂ ಮೇಲುಕೀಳು ಉಂಟು.

ಪ್ರತಿವರ್ಷ ಮಕ್ಕಳನ್ನು ಕಟ್ಟಿಕೊಂಡು ಶ್ರವಣಬೆಳಗೊಳಕ್ಕೆ ಹೋಗುತ್ತಿದ್ದೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಾಹುಬಲಿಯ ಮುಂದೆ ನಿಂತಾಗೆಲ್ಲ ನನ್ನ ಕಣ್ಣು ಹೋಗುತ್ತಿದ್ದದ್ದು ಆ ತೋಳುಗಳಿಗೆ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಮೂರ್ತಿ. ಸಾವಿರ ವರ್ಷದ ಬಿಸಿಲು ಮಳೆಗೆ ಒಂದು ನೂಲೂ ಇಳಿಬಿದ್ದಿಲ್ಲ. ಮೇಲಿಂದ ಬಳ್ಳಿ ಬೇರೆ ಸುತ್ತಿ ಬಿಗಿಹಿಡಿದಿದೆ. ಹೆಸರಿನಲ್ಲೇ ಬಾಹುವೂ ಇದೆ, ಬಲವೂ ಇದೆ. ಕಲ್ಲಾದವರಿಗೆ ಇದೆಲ್ಲ ಸಲೀಸು.

ಮಾಂಸದವರ ಕಥೆ ತಿಳಿಯಬೇಕಾದರೆ ನನ್ನ ರವಿಕೆ ತಿರುವಿ ನೋಡಬೇಕು. ನಮ್ಮ ಟೈಲರಮ್ಮ ಜಾಣೆ. ತೋಳಿನ ಬದಿಯಲ್ಲಿ ಒಳಗಡೆ ಒಂದೂವರೆ ಇಂಚು ಬಟ್ಟೆ ಬಿಟ್ಟು ಹೊಲಿಯುತ್ತಾಳೆ. ಎರಡು ವರ್ಷಕ್ಕೊಮ್ಮೆ ಒಂದು ಸಾಲು ಹೊಲಿಗೆ ಬಿಚ್ಚಿ, ಪಕ್ಕದಲ್ಲಿ ಇನ್ನೊಂದು ಸಾಲು ಹಾಕುತ್ತಾಳೆ. ಬಿಚ್ಚಿದ ಕಡೆ ಸೂಜಿಯ ತೂತುಗಳು ಸಾಲಾಗಿ ಉಳಿಯುತ್ತವೆ, ಅಲ್ಲಿನ ಬಣ್ಣ ಮಾತ್ರ ಹೊಸದಾಗಿ ಹೊಳೆಯುತ್ತದೆ. ನನ್ನ ಮೆರೂನ್ ರೇಷ್ಮೆ ರವಿಕೆಯಲ್ಲಿ ಅಂಥ ಮೂರು ಸಾಲುಗಳಿವೆ. ಮರ ಕೊಯ್ದು ಉಂಗುರ ಎಣಿಸಿ ವಯಸ್ಸು ಹೇಳುವ ಹಾಗೆ, ಈ ರವಿಕೆ ಬಿಚ್ಚಿದರೆ ನನ್ನ ಸರ್ವಿಸ್ ರಿಜಿಸ್ಟರೇ ಸಿಗುತ್ತದೆ.

ಗುರುವಂದನೆಯ ವಿಡಿಯೋ ವಾಟ್ಸಾಪಿನಲ್ಲಿ ಹರಿದಾಡಿ ಬೆಂಗಳೂರಿನಲ್ಲಿರುವ ಮಗಳಿಗೂ ಮುಟ್ಟಿತು. ಅವಳು ನಗಲಿಲ್ಲ, ಅದೇ ಅಪಾಯದ ಸೂಚನೆ. ಒಂದು ವಾರ ಬಿಟ್ಟು ಫೋನು ಮಾಡಿದಳು.

“ಅಮ್ಮ, ದೊಡ್ಡಮ್ಮನ ಮಗನ ಮದುವೆಗೆ ಇನ್ನು ನಾಲ್ಕು ತಿಂಗಳಿದೆ ತಾನೆ? ನಿನ್ನ ತೋಳಿಗೆ ಒಂದು ಪ್ಯಾಕೇಜ್ ಬುಕ್ ಮಾಡಿದೀನಿ. ದುಡ್ಡು ಕಟ್ಟಾಯ್ತು, ಬೇಡ ಅನ್ನೋ ಹಾಗಿಲ್ಲ.”

“ತೋಳಿಗೆ ಎಂಥ ಪ್ಯಾಕೇಜೇ? ತಿರುಪತಿಗಾದರೆ ಕೇಳಿದೀನಿ.”

“ಅಲ್ಟ್ರಾಸೌಂಡ್ ಅಮ್ಮ. ಕತ್ತರಿ ಇಲ್ಲ, ಸೂಜಿ ಇಲ್ಲ, ಹೊಲಿಗೆ ಇಲ್ಲ. ಶಬ್ದದಿಂದ ಚರ್ಮ ಬಿಗಿ ಮಾಡ್ತಾರೆ.”

ಶಬ್ದದಿಂದ! ಮೂವತ್ತೊಂದು ವರ್ಷ ತರಗತಿಯಲ್ಲಿ ಕಿರುಚಿದ್ದೇನೆ, ಒಂದು ಹುಡುಗನ ಬೆನ್ನೂ ನೆಟ್ಟಗಾಗಲಿಲ್ಲ.

ಈ ಶಬ್ದ ನನಗೆ ಹೊಸದಲ್ಲ. ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಮಾತ್ರ ಕೇಳುತ್ತದೆ, ಅದರಾಚೆಯದು ಶ್ರವಣಾತೀತ, ಬಾವಲಿಗೆ ಅದು ಕೇಳಿಸುತ್ತದೆ ಎಂದು ಎಷ್ಟು ಬ್ಯಾಚಿಗೆ ಬರೆಸಿದ್ದೇನೋ. ಕೇಳಿಸದ ಶಬ್ದದ ಪಾಠವನ್ನು ಕೇಳಿಸಿಕೊಳ್ಳದ ಮಕ್ಕಳಿಗೆ ಮಾಡುವುದು ಒಂದು ಬಗೆಯ ತಪಸ್ಸು. ಸ್ವಂತಕ್ಕೆ ಆ ಶಬ್ದದ ಪರಿಚಯವಾದದ್ದು 1993ರಲ್ಲಿ, ಇದೇ ಮಗಳು ಹೊಟ್ಟೆಯಲ್ಲಿದ್ದಾಗ. ತುಮಕೂರಿಗೆ ಬಸ್ಸಿನಲ್ಲಿ ಹೋಗಿ, ತಂಬಿಗೆಗಟ್ಟಲೆ ನೀರು ಕುಡಿದು ಸ್ಕ್ಯಾನಿಂಗ್ ಮಾಡಿಸಿದ್ದೆ. ಬೂದುಬಣ್ಣದ ಪರದೆಯಲ್ಲಿ ಮಂಜಿನ ಹಾಗೆ ಏನೋ ಕದಲಿತು. ಡಾಕ್ಟರು ‘ಇದೇ ಹೃದಯ’ ಎಂದರು. ಮನೆಗೆ ಬಂದಾಗ ಅತ್ತೆ ಬಾಯಿಬಿಟ್ಟು ಕೇಳಲಿಲ್ಲ, ಕಣ್ಣಿನಲ್ಲಿ ಕೇಳಿದರು. “ಆರೋಗ್ಯವಾಗಿದೆಯಂತೆ” ಎಂದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾಯ್ದೆ ಬಂದದ್ದು ಮರುವರ್ಷ, 1994ರಲ್ಲಿ. ಈಗ ಯಾವ ಸ್ಕ್ಯಾನಿಂಗ್ ಸೆಂಟರಿಗೆ ಹೋದರೂ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಎದುರಾಗುತ್ತದೆ. ಮೂತ್ರಪಿಂಡದ ಕಲ್ಲು ತೋರಿಸಲು ಹೋದ ನಮ್ಮೆಜಮಾನರು ಅದನ್ನು ಎರಡೆರಡು ಸಲ ಓದಿ, “ಸದ್ಯ, ನನ್ನದು ಗಂಡೋ ಹೆಣ್ಣೋ ಹೇಳೋದಿಲ್ಲವಂತೆ” ಎಂದು ನಿಟ್ಟುಸಿರುಬಿಟ್ಟಿದ್ದರು.

ಅಂತೂ ಅಂದು ಯಾವ ಶಬ್ದದಲ್ಲಿ ನಾನು ಅವಳನ್ನು ಮೊದಲು ನೋಡಿದೆನೋ ಅದೇ ಶಬ್ದವನ್ನು ಮೂವತ್ತು ವರ್ಷ ದಾಟಿದ ಮೇಲೆ ಅವಳು ನನ್ನ ತೋಳಿಗೆ ಬುಕ್ ಮಾಡಿದ್ದಳು. ಹೋಗದಿರಲು ಆಗಲಿಲ್ಲ.

ಬೆಂಗಳೂರಿನ ಆ ಕ್ಲಿನಿಕ್ ಆಸ್ಪತ್ರೆಯಂತೆ ಇರಲಿಲ್ಲ. ಡೆಟಾಲ್ ವಾಸನೆ ಇಲ್ಲ, ಕೆಮ್ಮುವವರಿಲ್ಲ, “ಯಾರ್ರೀ ಟೋಕನ್ ಹನ್ನೆರಡು?” ಎಂದು ಕೂಗುವ ಆಯಾ ಇಲ್ಲ. ಲೋಟದ ನೀರಿನಲ್ಲಿ ಸೌತೆಕಾಯಿಯ ಬಿಲ್ಲೆ ತೇಲುತ್ತಿತ್ತು. ಪಕ್ಕದಲ್ಲಿ ಕೂತವರೆಲ್ಲ ನನಗಿಂತ ಬಿಗಿಯಾಗಿದ್ದರು. ಅವರು ಬಂದವರೋ ಮುಗಿಸಿ ಹೊರಟವರೋ ತಿಳಿಯಲಿಲ್ಲ. ರಸೀದಿ ನೋಡಿದೆ: ಎರಡು ತೋಳಿಗೆ 80,000 ರೂಪಾಯಿ, ಮೇಲೆ ಜಿಎಸ್‌ಟಿ. ಕಾಯಿಲೆಗೆ ಮಾಡಿಸಿಕೊಂಡರೆ ತೆರಿಗೆಯಿಲ್ಲ, ಚೆಂದಕ್ಕೆ ಮಾಡಿಸಿಕೊಂಡರೆ ತೆರಿಗೆ ಉಂಟು. ವಿಮೆಯವರೂ ಇದಕ್ಕೆ ಕೈಯೆತ್ತುತ್ತಾರೆ. ಅಂದರೆ ಸರ್ಕಾರದ ಲೆಕ್ಕದಲ್ಲೂ ವಿಮೆಯ ಲೆಕ್ಕದಲ್ಲೂ ಜೋಲುತೋಳು ರೋಗವಲ್ಲ. ಇದನ್ನು ಅಧಿಕೃತ ಪ್ರಮಾಣಪತ್ರ ಎಂದುಕೊಂಡು ಅಲ್ಲಿಂದಲೇ ಎದ್ದು ಬರಬಹುದಿತ್ತು.

ಡಾಕ್ಟರು ಮಗಳ ವಯಸ್ಸಿನವಳು. ಒಳ್ಳೆಯವಳು, ನಿಜ ಹೇಳುವವಳು. ತೋಳನ್ನು ಎರಡು ಬೆರಳಿನಲ್ಲಿ ಚಿವುಟಿ ಎತ್ತಿ, ಬಿಟ್ಟು, ಅದು ಮರಳಿ ಕೂರುವುದನ್ನು ನೋಡಿದಳು. ಬದನೆಕಾಯಿ ಆರಿಸುವಾಗ ನಾನೂ ಹಾಗೇ ಮಾಡುತ್ತೇನೆ.

“ಮೇಡಂ, ಚರ್ಮ ಸ್ವಲ್ಪ ಸಡಿಲವಾಗಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತೆ. ತುಂಬ ಇಳಿಬಿದ್ದಿದ್ದರೆ ಅಷ್ಟಕ್ಕಷ್ಟೆ. ಕೊಬ್ಬು ಕರಗಿಸೋ ಚಿಕಿತ್ಸೆ ಇದಲ್ಲ. ನಿಮ್ಮದು ಮಧ್ಯಮ.”

ಮಧ್ಯಮ ಎಂದರೆ ದ್ವಿತೀಯ ದರ್ಜೆ. ಪಾಸಾಗಿದ್ದೆ.

ಕೆಲಸ ಹೇಗೆ ಮಾಡುತ್ತದೆ ಎಂದು ಕೇಳಿದೆ. ಅವಳು ಮೊಬೈಲಿನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಹೊರಟಳು. ಸಂಬಳ ನಿಂತರೂ ಮೇಷ್ಟ್ರುಗಿರಿ ನಿಲ್ಲುವುದಿಲ್ಲ ನೋಡಿ, “ಪೀನ ಮಸೂರ ತಾನೇ?” ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಇಂಗ್ಲಿಷ್ ಮಾಧ್ಯಮ. ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಡುವುದನ್ನು ವಿವರಿಸಿದೆ. ಬಿಸಿಲು ಗಾಜನ್ನು ಸುಡದು, ನಡುವಿನ ಗಾಳಿಯನ್ನು ಸುಡದು, ಕಿರಣಗಳೆಲ್ಲ ಕೂಡುವ ಬಿಂದುವಿನಲ್ಲಿ ಮಾತ್ರ ಹೊಗೆ ಏಳುತ್ತದೆ. “ಎಕ್ಸಾಕ್ಟ್ಲಿ ಮೇಡಂ!” ಎಂದಳು. ಇಲ್ಲಿ ಬಿಸಿಲಿನ ಜಾಗದಲ್ಲಿ ಶಬ್ದ. ಸೆಕೆಂಡಿಗೆ 40 ಲಕ್ಷ, 70 ಲಕ್ಷ ಕಂಪನಗಳ ಶಬ್ದ ಮೇಲ್ಚರ್ಮವನ್ನು ಮುಟ್ಟದವರಂತೆ ದಾಟಿ, ಮೂರು ಮಿಲಿಮೀಟರ್ ಆಳದಲ್ಲೋ ನಾಲ್ಕೂವರೆ ಮಿಲಿಮೀಟರ್ ಆಳದಲ್ಲೋ ಒಂದು ಬಿಂದುವಿನಲ್ಲಿ ಕೂಡುತ್ತದೆ. ಕಂಪನ ಕಡಿಮೆಯಾದಷ್ಟೂ ಆಳಕ್ಕೆ ಇಳಿಯುತ್ತದೆ. ಕೂಡಿದ ಕಡೆ 60ರಿಂದ 70 ಡಿಗ್ರಿ ಶಾಖ. ಸಾಸಿವೆಗಿಂತ ಸಣ್ಣದೊಂದು ಚುಕ್ಕಿ ಅಲ್ಲಿ ಬೇಯುತ್ತದೆ. ಸುತ್ತಲಿನವರಿಗೆ ಸುದ್ದಿಯೇ ಇಲ್ಲ.

ಬೇಯುವುದು ಕೊಲಾಜೆನ್ ಎಂಬ ನಾರು. ಈ ಹೆಸರು ಗ್ರೀಕಿನ ಅಂಟು ಎಂಬ ಪದದಿಂದ ಬಂತು. ಬಡಗಿಗಳು ತೊಗಲು ಕುದಿಸಿ ಮಾಡಿದ ಸರೇಸು ಹಚ್ಚುತ್ತಿದ್ದರಲ್ಲ, ಅದರ ಮೂಲವೇ ಇದು. ಈ ನಾರಿನ ಒಳಗುಟ್ಟನ್ನು ಬಿಡಿಸಿದವರಲ್ಲಿ ನಮ್ಮ ದೇಶದ ಜಿ. ಎನ್. ರಾಮಚಂದ್ರನ್ ಮುಂಚೂಣಿಯವರು. 1954-55ರಲ್ಲಿ ಮದರಾಸಿನಲ್ಲಿ ಗೋಪಿನಾಥ ಕರ್ತಾ ಅವರ ಜತೆ ಸೇರಿ, ಕೊಲಾಜೆನ್ ಎಂದರೆ ಮೂರು ಎಳೆಗಳು ಒಂದಕ್ಕೊಂದು ಹುರಿಗೊಂಡ ಹಗ್ಗ ಎಂದು ತೋರಿಸಿಕೊಟ್ಟರು. ಸಿ. ವಿ. ರಾಮನ್ನರ ಶಿಷ್ಯ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೇ ಮರಳಿ ಬಂದು ಅಣುಜೀವಭೌತ ವಿಭಾಗ ಕಟ್ಟಿದರು. ಪಾಠದಲ್ಲಿ ಇದನ್ನು ಹೇಳುವಾಗ ನಾನು ತೆಂಗಿನ ನಾರಿನ ಮೂರೆಳೆ ಹಗ್ಗವನ್ನೇ ಕೊಂಡೊಯ್ಯುತ್ತಿದ್ದೆ. ತಿಪಟೂರಿನ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಮಾದರಿ ಬೇಕೆ? ವಯಸ್ಸಾದ ಹಾಗೆ ಮೈ ಹೊಸ ಹಗ್ಗ ಹೊಸೆಯುವುದನ್ನು ಕಡಿಮೆ ಮಾಡುತ್ತದೆ, ಹಳೆಯದು ಪಿಸಿಯುತ್ತದೆ, ಮಂಚದ ನುಲಿ ಸಡಿಲವಾದ ಹಾಗೆ ನಡುವೆ ಕುಸಿಯುತ್ತದೆ. ಶಾಖ ತಗುಲಿದಾಗ ಹುರಿ ಬಿಚ್ಚಿ ನಾರು ಚೂರು ಮುದುಡಿಕೊಳ್ಳುತ್ತದೆ. ಅದು ತಕ್ಷಣದ ಬಿಗಿ. ನಿಜವಾದ ಕೆಲಸ ಆಮೇಲೆ. ಗಾಯವಾಯಿತು ಎಂದುಕೊಂಡು ಮೈ ಗಡಬಡಿಸಿ ಹೊಸ ನಾರು ಹೊಸೆಯಲು ಕೂರುತ್ತದೆ. ಅದಕ್ಕೆ ಎರಡು ಮೂರು ತಿಂಗಳು, ಕೆಲವರಿಗೆ ಆರು ತಿಂಗಳು. ಹೇಳಿಕೇಳಿ ಇದು ನಮ್ಮ ಪಂಚಾಯಿತಿ ರಸ್ತೆಯ ನ್ಯಾಯ. ಯಾರಾದರೂ ಅಗೆಯದ ಹೊರತು ಯಾರೂ ರಿಪೇರಿಗೆ ಬರುವುದಿಲ್ಲ.

“ತೋಳಿಗೆ ಇದನ್ನು ಎಷ್ಟು ವರ್ಷದಿಂದ ಮಾಡ್ತಿದ್ದಾರೆ?” ಎಂದೆ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಅಮೆರಿಕದಲ್ಲಿ 2009ರಲ್ಲಿ ಇದಕ್ಕೆ ಮೊದಲು ಅನುಮತಿ ಸಿಕ್ಕಿದ್ದು ಇಳಿದ ಹುಬ್ಬನ್ನು ಎತ್ತಲು. 2012ರಲ್ಲಿ ಗಲ್ಲದ ಕೆಳಗಿಗೂ ಕುತ್ತಿಗೆಗೂ, 2014ರಲ್ಲಿ ಎದೆಯ ಮೇಲ್ಭಾಗದ ಗೆರೆಗಳಿಗೂ ಸಿಕ್ಕಿತು. ತೋಳು, ಹೊಟ್ಟೆ, ತೊಡೆ, ಮಂಡಿಯ ಮೇಲಿನ ಸುಕ್ಕು ಇವಕ್ಕೆಲ್ಲ ವೈದ್ಯರು ತಮ್ಮ ವಿವೇಚನೆಯಿಂದ ಬಳಸುತ್ತ ಬಂದರು. ಮುಖದಲ್ಲಿ ಚರ್ಮದ ಕೆಳಗೆ ಸ್ನಾಯುವಿಗೆ ಹೊಂದಿಕೊಂಡ ಹಾಳೆಯಂಥ ಪದರವೊಂದಿದೆ. ಶಸ್ತ್ರಚಿಕಿತ್ಸಕರು ಕತ್ತರಿ ಹಿಡಿದು ಎಳೆದು ಹೊಲಿಯುವುದು ಅದನ್ನೇ. ಶಬ್ದ ಅಲ್ಲಿಗೆ ಮುಟ್ಟಿದರೆ ಎಳೆತ ಚೆನ್ನಾಗಿ ಬರುತ್ತದೆ. ತೋಳಿನಲ್ಲಿ ಆ ಹಾಳೆಯಿಲ್ಲ. ಚರ್ಮವನ್ನೇ ನಂಬಿಕೊಂಡು ಕೆಲಸ ನಡೆಯಬೇಕು. ಹಾಗಾಗಿ ಮುಖದಷ್ಟು ಫಲ ತೋಳಿನಲ್ಲಿ ನಿರೀಕ್ಷಿಸಬಾರದು.

ಇಷ್ಟು ಕೇಳಿದ ಮೇಲೆ ನನ್ನೊಳಗಿನ ವಿಜ್ಞಾನದ ಟೀಚರು ಎದ್ದು ಕೂತಳು.

“ಹಾಗಾದರೆ ಬಲದ ತೋಳಿಗೆ ಮಾತ್ರ ಮಾಡಿ.”

“ಒಂದೇ ತೋಳಾ ಮೇಡಂ?”

“ಎರಡಕ್ಕೂ ಮಾಡಿದರೆ ಫಲ ಬಂತೋ ಇಲ್ಲವೋ ಯಾವುದಕ್ಕೆ ಹೋಲಿಸಿ ಹೇಳೋದು? ಎಡತೋಳು ಹೋಲಿಕೆಗೆ ಇರಲಿ.”

ಇದೇನು ನನ್ನ ಮೊಂಡುತನವಲ್ಲ, ಈ ಶಬ್ದದ ಕುಲಾಚಾರ. 1880ರಲ್ಲಿ ಪ್ಯಾರಿಸಿನ ಕ್ಯೂರಿ ಸೋದರರು ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಕಂಡುಕೊಂಡರು. ಅದನ್ನೇ ತಿರುಗುಮುರುಗು ಮಾಡಿ ಹರಳಿಗೆ ವಿದ್ಯುತ್ತು ಕೊಟ್ಟು ಶಬ್ದ ಹುಟ್ಟಿಸಿ, ಮೊದಲ ಮಹಾಯುದ್ಧದ ಹೊತ್ತಿಗೆ ಲಾಂಜೆವಿನ್ ಎಂಬ ವಿಜ್ಞಾನಿ ಕಡಲಿನೊಳಗೆ ಸಬ್‌ಮರೀನ್ ಹುಡುಕಲು ಹೊರಟ. ಯುದ್ಧ ಮುಗಿದ ಮೇಲೆ ಶಬ್ದ ಕಾರ್ಖಾನೆಗೆ ಇಳಿದು ಕಬ್ಬಿಣದ ತಗಡಿನಲ್ಲಿ ಬಿರುಕು ಹುಡುಕಿತು. 1955ರಲ್ಲಿ ಗ್ಲಾಸ್ಗೋದ ಹೆರಿಗೆ ಡಾಕ್ಟರ್ ಇಯಾನ್ ಡೊನಾಲ್ಡ್, ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಬಾಯ್ಲರ್ ಕಾರ್ಖಾನೆಯೊಂದಕ್ಕೆ ಹೋಗಿ, ಬಿರುಕು ಹುಡುಕುವ ಯಂತ್ರದಲ್ಲಿ ಅವನ್ನು ಪರೀಕ್ಷಿಸಿದ. ಆಗ ಹೋಲಿಕೆಗೆಂದು ಅಲ್ಲಿ ಇಟ್ಟಿದ್ದು ಒಂದು ದೊಡ್ಡ ಮಾಂಸದ ತುಂಡು. 1958ರಲ್ಲಿ ಆತನ ಲೇಖನ ಅಚ್ಚಾಯಿತು, ಬಸಿರಿನೊಳಗೆ ಇಣುಕುವ ಕಾಲ ಬಂತು. ಅವನಿಗೆ ಮಾಂಸದ ತುಂಡು, ನನಗೆ ಎಡತೋಳು. ಡಾಕ್ಟರು ನಕ್ಕು, “ಸರಿ ಮೇಡಂ, ಬೇಕಾದರೆ ಇನ್ನೊಂದು ಆಮೇಲೆ ಮಾಡೋಣ” ಎಂದಳು. ಕೌಂಟರಿನಲ್ಲಿ ಮಾತ್ರ ಉಳಿದ ಅರ್ಧ ದುಡ್ಡು ವಾಪಸು ಕೊಡುವ ಪದ್ಧತಿಯಿಲ್ಲ ಎಂದರು. ನಗುನಗುತ್ತಲೇ ಹೇಳಿದರು. ಸೌತೆಕಾಯಿ ನೀರು ಇನ್ನೊಂದು ಲೋಟ ಕುಡಿದು ಬಂದೆ, ಸಿಕ್ಕಿದ್ದು ಸಿಗಲಿ ಎಂದು.

ಚಿಕಿತ್ಸೆಯ ಕೋಣೆಯಲ್ಲಿ ಬಿಳಿ ಪೆನ್ಸಿಲಿನಿಂದ ತೋಳಿನ ಮೇಲೆ ಚೌಕಳಿ ಗೀಚಿದರು. ಮೊಣಕೈ ಒಳಗೆ ನರ ಹಾಯುವ ಜಾಗಕ್ಕೆ ಸುತ್ತು ಹಾಕಿ ಬಿಟ್ಟರು. ತಣ್ಣನೆಯ ಲೋಳೆ ಸುರಿದರು. 1993ರಲ್ಲಿ ಹೊಟ್ಟೆಯ ಮೇಲೆ ಸುರಿದ ಅದೇ ಲೋಳೆ, ಅದೇ ಚಳುಕು. ಪಕ್ಕದ ಪರದೆಯಲ್ಲಿ ನನ್ನ ಚರ್ಮದ ಪದರಗಳು ಬೂದುಬಣ್ಣದಲ್ಲಿ ಮೂಡಿದವು, ಮೋಡ ಕವಿದ ಹೊಲದ ಬದುಗಳ ಹಾಗೆ. ಅಂದು ಅಲ್ಲಿ ಹೃದಯ ಕಂಡಿತ್ತು. ಇಂದು ಕಂಡದ್ದು ಬರೀ ಕೊಬ್ಬು.

ಆಮೇಲೆ ಕೈಯಲ್ಲಿ ಹಿಡಿಯುವ ಯಂತ್ರವನ್ನು ಒತ್ತಿ ಗುಂಡಿ ಅದುಮಿದರು. ಶಬ್ದವೇನೂ ಕೇಳಿಸಲಿಲ್ಲ. ಕೇಳಿಸಬಾರದು ಎಂದು ನಾನೇ ಪಾಠ ಮಾಡಿದವಳಲ್ಲವೆ? ಆದರೆ ಒಳಗೆ ಎಲ್ಲೋ ಗೊದ್ದ ಸಾಲಾಗಿ ಹರಿದು ಒಂದೊಂದೂ ಕಚ್ಚಿ ಹೋದಂತಾಯಿತು. ಒಂದೊಂದು ಗೆರೆಯಲ್ಲೂ ಹತ್ತಿಪ್ಪತ್ತು ಚುಕ್ಕಿ. ಅಂಥ ಗೆರೆಗಳು ಎಷ್ಟೋ. ಮೊದಲೇ ನೋವಿನ ಮಾತ್ರೆ ನುಂಗಿಸಿದ್ದರು, ಆದರೂ ಎಲುಬಿನ ಹತ್ತಿರ ಬಂದಾಗ ಕಣ್ಣಲ್ಲಿ ನೀರು ತುಂಬಿತು. “ನೋವಾಗ್ತಿದೆಯಾ ಆಂಟಿ?” ಎಂದಿತು ಸಹಾಯಕ ಹುಡುಗಿ. ಮೇಡಮ್ಮಿನಿಂದ ಆಂಟಿಗೆ ಇಳಿದದ್ದು ಹೆಚ್ಚು ನೋವಾಯಿತು. ಗಮನ ಬೇರೆ ಕಡೆ ತಿರುಗಿಸಲು ಬಾಗಿಲ ಮುಂದೆ ಚುಕ್ಕಿ ಇಡುವುದನ್ನು ನೆನೆದುಕೊಂಡೆ. ಚುಕ್ಕಿ ಇಡುವುದಷ್ಟೇ ಇವರ ಕೆಲಸ. ಅವನ್ನು ಕೂಡಿಸಿ ರಂಗೋಲಿ ಎಳೆಯಬೇಕಾದ್ದು ನನ್ನ ಅರವತ್ತರ ಹತ್ತಿರದ ಮೈ. ಅದಕ್ಕೆ ಆ ಹುರುಪು ಇದೆಯೋ ಇಲ್ಲವೋ ಯಂತ್ರ ಹೇಳದು. ಎಳೆಯ ಮೈಯಲ್ಲಿ ರಂಗೋಲಿ ಬೇಗ ಏಳುತ್ತದಂತೆ. ಅವರಿಗೆ ಅದರ ಅಗತ್ಯ ಕಡಿಮೆ.

ಮುಗಿಸಿ ಹೊರಬಂದಾಗ ತೋಳು ಕೆಂಪಗಾಗಿ ಕೊಂಚ ಊದಿತ್ತು. ನಾಲ್ಕು ದಿನ ಮುಟ್ಟಿದರೆ ನೋವು, ಎರಡು ವಾರ ಅಲ್ಲಲ್ಲಿ ಜೋಮು. ಹಾಗೆಯೇ ಆಗುತ್ತದೆ, ತಾನಾಗಿ ಹೋಗುತ್ತದೆ ಎಂದಿದ್ದರು, ಹೋಯಿತು. ಅಪರೂಪಕ್ಕೆ ಸುಟ್ಟ ಬೊಕ್ಕೆ, ನರಕ್ಕೆ ಪೆಟ್ಟು ಆಗುವುದೂ ಉಂಟು. ಆದ್ದರಿಂದಲೇ ಇದು ಚರ್ಮದ ಡಾಕ್ಟರ ಕೈಯಲ್ಲಿರಬೇಕಾದ ವಿದ್ಯೆ, ಹುಬ್ಬು ತೀಡುವ ಅಂಗಡಿಯಲ್ಲಿ ರಿಯಾಯಿತಿ ದರಕ್ಕೆ ಮಾಡಿಸಿಕೊಳ್ಳುವಂಥದ್ದಲ್ಲ.

ಊರಿಗೆ ಮರಳಿದ ವಾರವೇ ನಮ್ಮ ಗ್ರಾಮದೇವತೆಯ ಹಬ್ಬ ಬಂತು. ಗುಡಿಯ ಹಿಂದೆ ತಮಟೆಯವರು ಒಣಸೋಗೆ ಗುಡ್ಡೆಹಾಕಿ ಬೆಂಕಿ ಹಚ್ಚಿದ್ದರು. ಹುಟ್ಟಿದಾಗಿನಿಂದ ನೋಡಿದ ದೃಶ್ಯ, ಈ ಸಲ ಬೇರೆ ಕಣ್ಣಿನಿಂದ ನೋಡಿದೆ. ರಾತ್ರಿಯ ಇಬ್ಬನಿಗೆ ತೊಗಲು ತೊಯ್ದು ‘ಬದ್ ಬದ್’ ಎನ್ನುತ್ತಿತ್ತು. ಹಿರಿಯನೊಬ್ಬ ತಮಟೆಯನ್ನು ಉರಿಯ ಮುಂದೆ ಹಿಡಿದು, ಮೆಲ್ಲಗೆ ತಿರುಗಿಸುತ್ತ, ನಡುನಡುವೆ ಬೆರಳಿನಲ್ಲಿ ತಟ್ಟಿ ಕಿವಿಗೊಟ್ಟ. ‘ಟಣ್’ ಎಂದ ಕೂಡಲೇ ಹಿಂದಕ್ಕೆಳೆದ. ಇನ್ನೊಂದು ಗಳಿಗೆ ಇಟ್ಟರೆ ತೊಗಲು ಸೀಳುತ್ತದೆ. ಎಷ್ಟು ಕಾಯಿಸಬೇಕೆಂಬ ಅವನ ಲೆಕ್ಕ ಡಾಕ್ಟರ ಮಿಲಿಮೀಟರಿಗಿಂತ ಕಡಿಮೆ ಸೂಕ್ಷ್ಮದ್ದೇನಲ್ಲ.

“ಎಷ್ಟು ಹೊತ್ತು ಬಿಗಿ ಇರುತ್ತೆ?” ಎಂದು ಕೇಳಿದೆ.

“ಒಂದು ಸುತ್ತು ಬಾರಿಸೋಗಂಟ ಅವ್ವಾ. ಆಮೇಕೆ ಮತ್ತೆ ಕಾಯಿಸ್ಬೇಕು. ಈಗ ಫೈಬರ್ ತಮಟೆ ಬಂದವೆ, ಕಾಯಿಸೋ ತಾಪತ್ರಯ ಇಲ್ಲ. ಆದ್ರೆ ಅದು ನುಡಿಯಾಕಿಲ್ಲ.”

ತಮಟೆಯ ತೊಗಲು ಬಿಗಿಯುವುದು ಪಸೆ ಆರಿ, ನನ್ನದು ಬಿಗಿಯಬೇಕಾದ್ದು ನಾರು ಹೊಸೆದು. ವಿಜ್ಞಾನದಲ್ಲಿ ಎರಡೂ ಬೇರೆ ಎಂದು ಹುಡುಗರಾದರೆ ತಿದ್ದುತ್ತಿದ್ದೆ. ಆದರೂ ಸುತ್ತಿನ ಮಾತು ಎರಡಕ್ಕೂ ಒಂದೇ. ನನ್ನ ಬಲತೋಳಿನ ಬಿಗಿಗೂ ಡಾಕ್ಟರು ಹೇಳಿದ ವಾಯಿದೆ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ. ಮತ್ತೆ ಕಾಯಿಸಬೇಕು. ಅವನು ಕಾಯಿಸುವುದು ಬಾರಿಸಲಿಕ್ಕೆ. ನಾನು ಕಾಯಿಸಿಕೊಂಡದ್ದು ಏತಕ್ಕೆ ಎಂದು ಯಾರಾದರೂ ಕೇಳಿದ್ದರೆ ಮದುವೆಮನೆಯಲ್ಲಿ ಫೋಟೋ ತೆಗೆಸಿಕೊಳ್ಳಲಿಕ್ಕೆ ಎನ್ನಬೇಕಿತ್ತು. ಅದೇನು ಅಪರಾಧವಲ್ಲ. ಮದುವೆಮನೆಯೂ ಒಂದು ಜಾತ್ರೆಯೇ, ಎಲ್ಲರೂ ಅವರವರ ತಮಟೆ ಕಾಯಿಸಿಕೊಂಡೇ ಬಂದಿರುತ್ತಾರೆ.

ಮೂರು ತಿಂಗಳು ಕಳೆಯಿತು. ಹಳೆಯ ಅಭ್ಯಾಸದಂತೆ ರೆಕಾರ್ಡು ಪುಸ್ತಕದ ಒಂದು ಹಾಳೆಯಲ್ಲಿ ಉದ್ದೇಶ, ಸಾಮಗ್ರಿ, ವಿಧಾನ ಎಲ್ಲ ಬರೆದು ವೀಕ್ಷಣೆಗೆ ಕೂತೆ. ಮೊದಲಿನ ಅಳತೆ: ಬಲತೋಳು ಹದಿಮೂರೂವರೆ ಇಂಚು, ಎಡತೋಳೂ ಅಷ್ಟೇ. ಈಗ ಬಲ ಹದಿಮೂರೂಕಾಲು, ಎಡ ಹದಿಮೂರೂವರೆಯೇ. ಕಾಲಿಂಚು! ಕನ್ನಡಿಯ ಮುಂದೆ ಎರಡು ಕೈಯಲ್ಲೂ ‘ಓಮ್‌ನ ನಿಯಮ’ ಬರೆದೆ. ಎಡಗೈ ನಿಂತ ಮೇಲೆ ಮೂರು ಓಲಾಟ, ಬಲಗೈ ನಿಂತ ಮೇಲೆ ಎರಡು. ಮುಟ್ಟಿ ನೋಡಿದರೆ ಬಲತೋಳಿನ ಚರ್ಮ ಒಂದು ಗುಲಗಂಜಿ ಗಟ್ಟಿ ಅನ್ನಿಸುತ್ತಿತ್ತು. ನಲವತ್ತು ಸಾವಿರಕ್ಕೆ ಒಂದು ಓಲಾಟ ಉಳಿದಿದೆ ಎಂದು ದಾಖಲಿಸಿದೆ.

ವಿಜ್ಞಾನದಲ್ಲಿ ಸಾಕ್ಷಿ ಬೇಕು. ಎಜಮಾನರ ಮುಂದೆ ಎರಡು ತೋಳನ್ನೂ ಚಾಚಿ, “ಯಾವುದು ಹೇಳಿ?” ಎಂದೆ. ಅವರು ಕನ್ನಡಕ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಎಡ” ಎಂದರು. ನನ್ನ ಮುಖ ನೋಡಿ, “ಅಲ್ಲಲ್ಲ, ಬಲ” ಎಂದರು. ಸಾಕ್ಷಿ ಅನೂರ್ಜಿತ. ಮಗಳು ವಿಡಿಯೋ ಕಾಲಿನಲ್ಲಿ ನೋಡಿ, “ಎಷ್ಟು ಡಿಫರೆನ್ಸ್ ಅಮ್ಮ!” ಎಂದಳು. ದುಡ್ಡು ಕಟ್ಟಿದವರ ಸಾಕ್ಷಿಯೂ ನಡೆಯುವುದಿಲ್ಲ. ಕ್ಲಿನಿಕ್ಕಿನಲ್ಲಿ ಉಳಿದಿದ್ದ ಇನ್ನರ್ಧ ದುಡ್ಡನ್ನು ಅವಳು ಅಷ್ಟರಲ್ಲಿ ಅಳಿಯನ ಗಲ್ಲದ ಕೆಳಗಿಗೆ ತಿರುಗಿಸಿದ್ದಳು. ಅವನು ಪಾಪ, ತನ್ನದೇನು ತಪ್ಪು ಎಂದು ತಿಳಿಯದೆ ಹೋಗಿ ಬೇಯಿಸಿಕೊಂಡು ಬಂದ. ಗಲ್ಲದಲ್ಲಿ ಇದರ ಅನುಭವ ಹಳೆಯದು, ಅವನಿಗೆ ವಯಸ್ಸೂ ಚಿಕ್ಕದು. ನಿಜ ಹೇಳಬೇಕೆಂದರೆ ನನ್ನ ತೋಳಿಗಿಂತ ಅವನ ಗಲ್ಲ ಚೆನ್ನಾಗಿ ಬಂದಿದೆ.

ಮದುವೆಗೆ ವಾರವಿದ್ದಾಗ ಆ ಮೆರೂನ್ ರವಿಕೆ ತೊಟ್ಟು ನೋಡಿದೆ. ಬಲತೋಳು ಹೇಗೋ ತೂರಿತು. ಎಡದ್ದು ನಡುವೆಯೇ ನಿಂತಿತು. ಟೈಲರಮ್ಮನ ಹತ್ತಿರ ಓಡಿ, ಪ್ರಯೋಗದ ಕಥೆಯನ್ನೆಲ್ಲ ಹೇಳಿ, ಕಾಲಿಂಚಿನ ಸುದ್ದಿಯನ್ನು ಸ್ವಲ್ಪ ಜಂಬದಿಂದಲೇ ಹೇಳಿದೆ. ಅವಳು ಕೊರಳಲ್ಲಿದ್ದ ಟೇಪು ತೆಗೆದು ಬಲತೋಳಿಗೆ ಸುತ್ತಿದಳು. ಹದಿಮೂರೂವರೆ. ಇನ್ನೊಮ್ಮೆ ಸುತ್ತಿ ಒಂಚೂರು ಎಳೆದಳು. ಹದಿಮೂರೂಕಾಲು.

“ಟೇಪು ಬಿಗಿ ಹಿಡಿದ್ರೆ ಕಾಲಿಂಚು ಯಾರಿಗಾದರೂ ಕಮ್ಮಿ ಆಗತ್ತೆ ಮೇಡಂ” ಎಂದಳು.

ಆಮೇಲೆ ಬ್ಲೇಡಿನ ತುದಿಯಿಂದ ಟಕಟಕ ಎಂದು ಒಳಗಿನ ಹೊಲಿಗೆ ಬಿಚ್ಚಿ, ಮಡಚಿಟ್ಟ ಬಟ್ಟೆಯ ಕೊನೆಯ ಅರ್ಧ ಇಂಚನ್ನು ಹೊರಗೆಳೆದು, ಮಿಷನ್ನಿಗೆ ಕೊಟ್ಟಳು. ರವಿಕೆ ಎರಡೂ ಕಡೆ ಸಲೀಸಾಗಿ ಹತ್ತಿತು. ತೋಳೆತ್ತಿ ಗಾಳಿಯಲ್ಲಿ ಒಂದು ಸಾಲು ಬರೆದು ನೋಡಿದೆ. ರವಿಕೆಯೊಳಗೆ ಏನು ಓಲಾಡುತ್ತಿದೆಯೋ ಯಾರಿಗೂ ಕಾಣಲಿಲ್ಲ.

ಹತ್ತು ನಿಮಿಷದ ಕೆಲಸ. ಎರಡೂ ತೋಳಿಗೆ ಸೇರಿ ನಲವತ್ತು ರೂಪಾಯಿ, ಜಿಎಸ್‌ಟಿ ಇಲ್ಲ.